ನೊಗ ಮುಟ್ಟಿ ಆಣೆ ಮಾಡಿದವರು

“ಗುರುಗಳೇ, ಕಷ್ಟದಲ್ಲಿರುವವರಿಗೆ ನೆರವಾಗಲು ನಾವೊಂದು ಸಂಘ ಕಟ್ಟಬೇಕೆಂದಿದ್ದೇವೆ. ನೀವು ಏಕೆ ಒಪ್ಪುತ್ತಿಲ್ಲ?” ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಂದು ಊರಿನಲ್ಲಿ ಭರಮಣ್ಣನೆಂಬ ರೈತನಿದ್ದ. ಬಿತ್ತನೆಗೆ ನಾಲ್ಕು ದಿನವಿರುವಾಗ ಬಣವೆಯ ಮೇಲಿಂದ ಬಿದ್ದು ಕಾಲು ಮುರಿದುಕೊಂಡ. ಅವನು ಯಾರನ್ನೂ ಕರೆಯಲಿಲ್ಲ. ಆದರೂ ಆರು ಮಂದಿ ತಮ್ಮ ಎತ್ತುಗಳೊಡನೆ ಬಂದು ಅವನ ಹೊಲ ಉತ್ತು ಬಿತ್ತಿದರು. ಕಾಲು ಕೂಡಿದ ಮೇಲೆ ಅವನು ಆ ಆರೂ ಜನರನ್ನು ಕೂರಿಸಿಕೊಂಡು, “ಇದನ್ನು ಬಿಡುವುದು ಬೇಡ” ಎಂದ. ಏಳು ಜನರೂ ನೊಗ ಮುಟ್ಟಿ, ಒಬ್ಬ ಮಲಗಿದರೆ ಉಳಿದವರು ಅವನ ಹೊಲ ಉಳಬೇಕೆಂದು ಆಣೆ ಮಾಡಿದರು. ಅದಕ್ಕೆ ಅಣ್ಣತಮ್ಮಂದಿರ ಕೂಟ ಎಂದು ಹೆಸರಾಯಿತು.

ಕೂಟ ಬೆಳೆಯಿತು. ಕೆಲವರು ಕಾಯಿಲೆಯೆಂದು ಸುಳ್ಳು ಹೇಳಿ ಹೊಲದ ಉಳುಮೆ ಮಾಡಿಸಿಕೊಂಡರು. ಅದನ್ನು ತಡೆಯಲು ನಿಯಮಗಳು ಬಂದವು. ಸೇರಲು ಕಲ್ಲಿನ ಮನೆ ಎದ್ದಿತು, ಅದಕ್ಕೊಬ್ಬ ಬಾಗಿಲು ಕಾಯುವವನು ಬಂದ. ಒಳಗೆ ಹೋಗಲು ಒಂದು ಗುಟ್ಟಿನ ಮಾತು ಹೇಳಬೇಕಿತ್ತು. ಹಿರಿಯರು ಕೆಂಪು ವಸ್ತ್ರ ಹೊದ್ದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು.

ಇಪ್ಪತ್ತೆಂಟು ವರ್ಷ ಕಳೆಯಿತು. ಬಿತ್ತನೆಯ ಹೊತ್ತಿಗೆ ಭರಮಣ್ಣ ಜ್ವರದಿಂದ ಹಾಸಿಗೆ ಹಿಡಿದ. ಅವನ ಹೆಂಡತಿ ಸಾಕವ್ವ ಕೂಟದ ಬಾಗಿಲು ತಟ್ಟಿದಳು.

“ಗುಟ್ಟಿನ ಮಾತು ಹೇಳಮ್ಮ” ಎಂದ ಬಾಗಿಲು ಕಾಯುವವನು.

“ಅದು ನನಗೆ ಹೇಗೆ ಗೊತ್ತಿರಬೇಕಪ್ಪ? ನಮ್ಮ ಮನೆಯವರಿಗೆ ಏಳಲಾಗುತ್ತಿಲ್ಲ. ಇನ್ನು ಮೂರು ದಿನಕ್ಕೆ ನೆಲದ ಹದ ಹೋಗುತ್ತದೆ.”

ಅವನು ಒಳಗೆ ಹೋಗಿ ಬಂದ. “ಹಿರಿಯರಿಗೆ ತಿಳಿಸಿದೆ. ಸದಸ್ಯರೇ ಬಂದು ಕೇಳಬೇಕಂತೆ. ಹೆಂಗಸರ ಮಾತಿನ ಮೇಲೆ ಎತ್ತು ಹೂಡುವ ನಿಯಮವಿಲ್ಲ.”

ಮೊದಲು ಆಣೆ ಮಾಡಿದವರಲ್ಲಿ ಇಬ್ಬರು ಆಗ ಒಳಗೇ ಇದ್ದರು. ಅವರೂ ಹೊರಗೆ ಬರಲಿಲ್ಲ.

ಸಾಕವ್ವ ಪಕ್ಕದ ಹೊಲದವನ ಬಳಿಗೆ ಹೋದಳು. ಅವನು ಕೂಟಕ್ಕೆ ಸೇರಿದವನಲ್ಲ. ಅವನ ಎತ್ತುಗಳು ಆ ದಿನ ಸುಮ್ಮನೆ ನಿಂತಿದ್ದವು.

“ಕೂಟ ಕಟ್ಟಿದವರೇ ನಿಮ್ಮ ಮನೆಯವರು, ಅಕ್ಕ” ಎಂದ ಅವನು. “ಅವರು ಬಂದೇ ಬರುತ್ತಾರೆ. ನಡುವೆ ನಾನು ಕೈಹಾಕಿದರೆ ಅವರಿಗೆ ಅವಮಾನ.”

ಅವಳು ಗುದ್ದಲಿ ಹಿಡಿದು ಒಬ್ಬಳೇ ಹೊಲಕ್ಕಿಳಿದಳು. ಮೂರು ದಿನದಲ್ಲಿ ಒಂದು ಮೂಲೆಯನ್ನಷ್ಟೇ ಅಗೆದು ಬಿತ್ತಲಾಯಿತು. ಮನೆಗೆ ಬಂದಾಗ ಅವಳ ಅಂಗೈಯೆಲ್ಲ ಬೊಬ್ಬೆ.

“ನಮ್ಮವರು ಬಂದರೇ?” ಎಂದು ಭರಮಣ್ಣ ಮಲಗಿದಲ್ಲಿಂದಲೇ ಕೇಳಿದ.

ಸಾಕವ್ವ ಕೈಗಳನ್ನು ಸೆರಗಿನೊಳಗೆ ಮರೆಮಾಡಿಕೊಂಡಳು. “ಬಂದರು.”

“ಎಷ್ಟು ಜನ?”

“ಎಲ್ಲರೂ ಬಂದಿದ್ದರು.”

ಅವನ ಮುಖ ತಿಳಿಯಾಯಿತು. ಮಾರನೆಯ ದಿನ ಪ್ರಾಣ ಬಿಟ್ಟ.

ಆಗ ಎಲ್ಲರೂ ಬಂದರು. ಕೆಂಪು ವಸ್ತ್ರ ಹೊದ್ದು, ಅವನಿಗೂ ಒಂದು ಹೊದಿಸಿ, ಬಿತ್ತದೆ ಉಳಿದ ಹೊಲದ ಬದುವಿನ ಮೇಲೆ ಹೆಣ ಹೊತ್ತು ನಡೆದರು. ಕಲ್ಲಿನ ಮನೆಯ ಗೋಡೆಯಲ್ಲಿ ಅವನ ಹೆಸರು ಕೆತ್ತಿಸಿದರು.

ಗುರು ಕಥೆ ಮುಗಿಸಿದರು. ಶಿಷ್ಯ, “ಆ ಕೂಟ ಈಗಲೂ ಇದೆಯೇ?” ಎಂದು ಕೇಳಿದ.

“ಇದೆ. ಇಲ್ಲದೆ ಹೋಗಿದ್ದರೆ ಮರುವರ್ಷವಾದರೂ ಯಾರಾದರೊಬ್ಬರು ಸಾಕವ್ವನ ಹೊಲಕ್ಕೆ ಎತ್ತು ಹೊಡೆದುಕೊಂಡು ಹೋಗುತ್ತಿದ್ದರು.”