ಬೀಟ್‌ರೂಟ್ ಪಾತಿಯ ಕೊನೆಯ ಗುಳಿ

ತಿಪ್ಪೇಶ ಬಟ್ಟೆಯ ಗಂಟು ಕಟ್ಟಿಕೊಂಡೇ ಅಜ್ಜಯ್ಯನ ಮುಂದೆ ಬಂದು ನಿಂತ.

ಅಜ್ಜಯ್ಯ ಆ ಹೊಳೆದಂಡೆಯ ಆಶ್ರಮದ ಗುರು. ಆಗ ಕೈತೋಟದಲ್ಲಿ ಮಣ್ಣಿನ ಹೆಂಟೆ ಒಡೆಯುತ್ತಿದ್ದರು. ತಲೆ ಎತ್ತಲಿಲ್ಲ.

“ಹಾಲೇಶ ಹೇಳಿಕಳಿಸಿದ್ದಾನೆ,” ಎಂದ ತಿಪ್ಪೇಶ. “ಬರೋ ಹುಣ್ಣಿಮೆಗೆ ಬರ್ತಾನಂತೆ.”

“ಬರಲಿ.”

“ಅವನದು ಒಂದೇ ಮಾತು. ‘ನನ್ನ ತಪ್ಪೇನು ಅಂತ ಅಜ್ಜಯ್ಯನ್ನ ಕೇಳಿಟ್ಟಿರು ಅಣ್ಣಾ’ ಅಂದಿದ್ದಾನೆ.”

ಹೆಂಟೆ ಒಡೆಯುವ ಸದ್ದು ನಿಲ್ಲಲಿಲ್ಲ.

ಹಾಲೇಶ ತಿಪ್ಪೇಶನ ತಮ್ಮ. ಏಳು ವರ್ಷದ ಹಿಂದೆ ಇಬ್ಬರೂ ಒಂದೇ ತೆಪ್ಪದಲ್ಲಿ ಹೊಳೆ ದಾಟಿ ಬಂದವರು. ಒಂದೇ ಚಾಪೆಯ ಮೇಲೆ ಮಲಗಿದವರು. ವರ್ಷ ತುಂಬಿದ ದಿನ ಅಜ್ಜಯ್ಯ ಹಾಲೇಶನನ್ನು ಕರೆದು, “ನೀನು ಹೊರಡು,” ಎಂದಿದ್ದರು. ಕಾರಣ ಹೇಳಲಿಲ್ಲ. ಹಾಲೇಶ ಕೇಳಲೂ ಇಲ್ಲ. ಕಾಲು ಮುಟ್ಟಿ ನಮಸ್ಕರಿಸಿ ತೆಪ್ಪ ಹತ್ತಿದ.

ಆವತ್ತು ತಿಪ್ಪೇಶ ಅತ್ತಿದ್ದ. ಅಳುವಿನ ಅಡಿಯಲ್ಲಿ ಇನ್ನೊಂದೂ ಇತ್ತು. ಉಳಿಸಿಕೊಂಡದ್ದು ನನ್ನನ್ನು ಎಂಬ ಹಿಗ್ಗು. ಅದನ್ನು ಅವನು ಯಾರಿಗೂ ತೋರಿಸಿರಲಿಲ್ಲ. ಈಗ ಅದೇ ಒಳಗಿನಿಂದ ಕೊರೆಯುತ್ತಿತ್ತು.

“ಅವನು ತಪ್ಪು ಮಾಡಿದ್ನಾ ಅಜ್ಜಯ್ಯಾ?”

“ಇಲ್ಲ.”

“ಮತ್ತೆ ಯಾಕೆ ಕಳಿಸಿದ್ರಿ?”

ಅಜ್ಜಯ್ಯ ಇನ್ನೊಂದು ಹೆಂಟೆ ಎಳೆದುಕೊಂಡರು.

“ಇವತ್ತು ಹೇಳದಿದ್ರೆ ನಾನೂ ಹೊರಡ್ತೀನಿ. ಅವನ ಮುಂದೆ ಬಾಯಿ ಮುಚ್ಚಿಕೊಂಡು ನಿಲ್ಲೋಕೆ ನನ್ನಿಂದ ಆಗೋಲ್ಲ.”

“ತೆಪ್ಪ ದಡದಲ್ಲೇ ಇದೆ,” ಎಂದರು ಅಜ್ಜಯ್ಯ.

ತಿಪ್ಪೇಶ ದುಡುದುಡು ಇಳಿದು ಹೋದ. ಒಂದು ಕಾಲು ತೆಪ್ಪದಲ್ಲಿಟ್ಟ. ಇನ್ನೊಂದು ಮೇಲೇಳಲಿಲ್ಲ. ಆಚೆ ದಡ ನೋಡಿದ. ಅಲ್ಲಿ ಯಾರ ಮನೆ, ಯಾವ ಕೆಲಸ, ಬೆಳಿಗ್ಗೆ ಎದ್ದು ಯಾರ ಮುಖ ನೋಡುವುದು? ಒಂದೂ ತೋಚಲಿಲ್ಲ.

“ಹತ್ತೀಯೋ, ಇಲ್ಲ ಒಂಟಿ ಕಾಲಲ್ಲಿ ತಪಸ್ಸೋ?” ಎಂದ ಅಂಬಿಗ.

ತಿಪ್ಪೇಶ ವಾಪಸು ಬಂದ.

“ತೆಪ್ಪದಲ್ಲಿ ಜಾಗ ಇರಲಿಲ್ಲ,” ಎಂದ.

ಹೊಳೆಯಿಂದ ನೀರು ಹೊತ್ತು ಅವನ ಹಿಂದೆಯೇ ಬಂದ ಕೊಟ್ರಮ್ಮ ಕೊಡ ಇಳಿಸಿದಳು. ಆಶ್ರಮದ ಅಡುಗೆ ಅವಳದು. ನಾಲಿಗೆಗೆ ಲಗಾಮಿಲ್ಲ.

“ಹೌದೌದು. ಒಂದು ಮೇಕೆ ಕೂತಿತ್ತು. ಬಹಳ ದಪ್ಪ ಮೇಕೆ,” ಎಂದಳು.

ಅಜ್ಜಯ್ಯ ನಗಲಿಲ್ಲ. ಸೊಂಟದ ಚೀಲದಿಂದ ಒಂದು ಹಿಡಿ ಬೀಜ ತೆಗೆದು ತಿಪ್ಪೇಶನ ಅಂಗೈಗೆ ಸುರಿದರು. ಕಂದು ಬಣ್ಣ. ಕಾಳುಮೆಣಸಿನ ಗಾತ್ರ. ಮುಟ್ಟಿದರೆ ಒರಟು.

“ಬೀಟ್‌ರೂಟ್. ಗೇಣಿಗೊಂದು ಗುಳಿ. ಗುಳಿಗೊಂದು ಬೀಜ. ಸಸಿಯಾಗಲಿ. ಆಮೇಲೆ ಕೇಳು.”

ತಿಪ್ಪೇಶ ಗಂಟು ಬಿಚ್ಚಲಿಲ್ಲ. ಬೀಜ ಮಾತ್ರ ನೆನೆಹಾಕಿದ.

ಮರುದಿನ ಬಿತ್ತಿದ. ಬೆರಳಿನ ಒಂದು ಗೆಣ್ಣಿನಷ್ಟೇ ಆಳ. ಮನಸ್ಸು ಕುದಿಯುತ್ತಿತ್ತು, ಕೈ ಮಾತ್ರ ಕೆಲಸ ಕೆಡಿಸಲಿಲ್ಲ. ಒಂದು ಗುಳಿಗೆ ಒಂದೇ ಬೀಜ. ಎರಡೆರಡು ಸಲ ನೋಡಿ ಮಣ್ಣು ಮುಚ್ಚಿದ.

ಎಂಟನೆಯ ಬೆಳಿಗ್ಗೆ ಪಾತಿ ನೋಡಿದವನು ಹೌಹಾರಿದ. ಗುಳಿಗೊಂದು ಮೊಳಕೆ ಇರಬೇಕಿತ್ತು. ಒಂದರಲ್ಲಿ ಮೂರು. ಇನ್ನೊಂದರಲ್ಲಿ ನಾಲ್ಕು. ಕೆಂಪು ಕಾಂಡದ ಎಳೆ ಸಸಿಗಳು ಒಂದನ್ನೊಂದು ಆತುಕೊಂಡು ಎದ್ದಿದ್ದವು.

ಅಡುಗೆಮನೆಗೆ ನುಗ್ಗಿದ.

“ಕೊಟ್ರಮ್ಮಾ, ನನ್ನ ಪಾತೀಲಿ ಬೀಜ ಹಾಕಿದ್ದು ಯಾರು? ಎಲ್ಲಾ ಸೇರಿ ನನ್ನನ್ನ ಪರೀಕ್ಷೆ ಮಾಡ್ತಿದ್ದೀರಾ?”

“ನನಗೇನು ರೊಟ್ಟಿ ತಟ್ಟೋ ಕೆಲಸ ಇಲ್ವಾ, ನಿನ್ನ ಪರೀಕ್ಷೆ ಮಾಡೋಕೆ?” ಅವಳು ಕೈ ನಿಲ್ಲಿಸಲಿಲ್ಲ. “ನೀನು ಒಂದು ಬೀಜ ಅಂದ್ಕೊಂಡಿದ್ದು ಒಂದಲ್ಲಪ್ಪಾ. ಒಂದೇ ಸಿಪ್ಪೆಯೊಳಗೆ ಅಣ್ಣತಮ್ಮಂದಿರು ಮೂರು ನಾಲ್ಕು ಜನ. ಬೀಟ್‌ರೂಟ್ ಬೀಜ ಅಂದ್ರೆ ಕೂಡುಕುಟುಂಬ ಕಣಪ್ಪಾ.”

ಅಣ್ಣತಮ್ಮಂದಿರು ಎಂದದ್ದೇ ತಿಪ್ಪೇಶ ಹಿಂದಿರುಗಿದ.

ಪಾತಿಯ ಬಳಿ ಅಜ್ಜಯ್ಯ ನಿಂತಿದ್ದರು.

“ನಾಲ್ಕು ಎಲೆ ಬಿಡಲಿ,” ಎಂದರು. “ಆಮೇಲೆ ಗುಳಿಗೊಂದು ಬಿಟ್ಟು ಮಿಕ್ಕಿದ್ದು ಕೀಳು.”

“ಎಲ್ಲಾ ಒಂದೇ ಬೀಜದ್ದು ಅಜ್ಜಯ್ಯಾ.”

“ಅದಕ್ಕೇ.”

“ಕೀಳದಿದ್ರೆ?”

“ಸೊಪ್ಪು ಬರುತ್ತೆ. ಗೆಡ್ಡೆ ಕಟ್ಟೋಲ್ಲ.”

ನಾಲ್ಕು ಎಲೆ ಬಂತು. ತಿಪ್ಪೇಶ ಕೀಳಲಿಲ್ಲ. ನೀರು ಹಾಕಿದ, ಕಳೆ ತೆಗೆದ, ಸಸಿಗೆ ಕೈ ಹಚ್ಚಲಿಲ್ಲ.

ಅಜ್ಜಯ್ಯ ಹೊಳೆಗೆ ಹೋಗುವಾಗ ಒಂದು ಸಲ ಕೇಳುತ್ತಿದ್ದರು.

“ಕಿತ್ತೆಯಾ?”

“ಇಲ್ಲ.”

ಮರುದಿನ ಮತ್ತೆ. “ಕಿತ್ತೆಯಾ?”

“ಇಲ್ಲ.”

ಸಸಿಗಳು ಒಂದರ ಮೇಲೊಂದು ಬಿದ್ದು ಬೆಳಕಿಗಾಗಿ ಕತ್ತು ಚಾಚುತ್ತಿದ್ದವು. ಸಂಜೆಯ ಚಂದ್ರ ದಿನಕ್ಕಿಷ್ಟು ತುಂಬುತ್ತಿದ್ದ. ತಿಪ್ಪೇಶ ಬೆರಳು ಮಡಿಸಿ ದಿನ ಎಣಿಸುತ್ತಿದ್ದ. ತಮ್ಮನಿಗೆ ಹೇಳಲು ಏನೇನೋ ಹೊಂದಿಸಿಕೊಂಡ. ಅಜ್ಜಯ್ಯನಿಗೆ ಆಗ ಮೈ ಸರಿ ಇರಲಿಲ್ಲ ಅನ್ನಲೇ? ಆಶ್ರಮದಲ್ಲಿ ಅಕ್ಕಿ ಕಡಿಮೆ ಇತ್ತು ಅನ್ನಲೇ? ಯಾವುದೂ ನಾಲಿಗೆಯ ಮೇಲೆ ನಿಲ್ಲಲಿಲ್ಲ.

“ಹುಣ್ಣಿಮೆಗೆ ಎಂಟು ದಿನ,” ಎಂದರು ಅಜ್ಜಯ್ಯ ಒಂದು ಬೆಳಿಗ್ಗೆ. ಅಷ್ಟೇ ಹೇಳಿ ಹೋದರು.

ತಿಪ್ಪೇಶನಿಗೆ ರೇಗಿತು. ಪಾತಿಗೆ ಹಾರಿದವನೇ ಕೀಳತೊಡಗಿದ. ಪ್ರತಿ ಗುಳಿಯಲ್ಲೂ ಗಟ್ಟಿಯಾದ ಒಂದನ್ನು ಬಿಟ್ಟು ಉಳಿದವನ್ನೆಲ್ಲ ಕಿತ್ತು ಬುಟ್ಟಿಗೆ ಎಸೆದ. ಬೆರಳೆಲ್ಲ ಕೆಂಪಾಯಿತು. ಬಿಸಿಲೇರುವಷ್ಟರಲ್ಲಿ ಬುಟ್ಟಿಯ ಸಸಿಗಳು ಬಾಡಿ ಮುದ್ದೆಯಾದವು.

ಕೊಟ್ರಮ್ಮ ಬಂದು ಬುಟ್ಟಿ ಎತ್ತಿಕೊಂಡಳು. “ಮಧ್ಯಾಹ್ನದ ಪಲ್ಯಕ್ಕಾಯ್ತು.”

“ತಿನ್ನಿ. ಚೆನ್ನಾಗಿ ತಿನ್ನಿ,” ಎಂದ ತಿಪ್ಪೇಶ.

ಅವಳು ಅವನ ಮುಖ ನೋಡಿದಳು. ಆ ದಿನ ಮಾತ್ರ ಏನೂ ಅನ್ನದೆ ಹೋದಳು.

ಇನ್ನೊಂದೇ ಗುಳಿ ಉಳಿದಿತ್ತು. ಕೊನೆಯದು. ಅದರಲ್ಲಿ ಎದ್ದದ್ದೇ ಎರಡು ಸಸಿ. ಒಂದರ ಕಾಂಡ ದಪ್ಪ. ಇನ್ನೊಂದು ಪೀಚಲು. ತಿಪ್ಪೇಶನ ಕೈ ಅಲ್ಲಿ ನಿಂತಿತು.

ಅಜ್ಜಯ್ಯ ಬಂದು ಅವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು.

“ಯಾವುದನ್ನ ಬಿಟ್ಟೆ?”

“ಗಟ್ಟಿ ಇದ್ದದ್ದನ್ನ.”

“ಕಿತ್ತದ್ದು?”

“ಪೀಚಲು ಇದ್ದದ್ದನ್ನ. ಇನ್ನು ಉತ್ತರ ಬೇಡ ಬಿಡಿ ಅಜ್ಜಯ್ಯಾ, ಗೊತ್ತಾಯ್ತು. ಹಾಲೇಶ ಪೀಚಲು. ಅದಕ್ಕೆ ಕಿತ್ತು ಎಸೆದ್ರಿ.” ದನಿ ಒಡೆಯಿತು. “ಇದನ್ನೇ ಅವನ ಮುಖಕ್ಕೆ ಹೇಳ್ಲಾ? ನನ್ನ ಹೆಗಲ ಮೇಲೆ ಬೆಳೆದವನು ಅವನು.”

“ನೀರು ತಾ,” ಎಂದರು ಅಜ್ಜಯ್ಯ.

ತಂಬಿಗೆ ಬಂತು. ಅಜ್ಜಯ್ಯ ಗುಳಿಯನ್ನು ತೋಯಿಸಿದರು. ಐದೂ ಬೆರಳು ಮಣ್ಣಿಗಿಳಿಸಿದರು. ಬೇರು ಅಲುಗದಂತೆ, ಹಿಡಿ ಮಣ್ಣಿನ ಸಮೇತ, ಒಂದು ಸಸಿಯನ್ನು ಎತ್ತಿದರು.

ದಪ್ಪ ಕಾಂಡದ್ದನ್ನು.

ಅದನ್ನು ಬೇಲಿಯ ಅಂಚಿಗೆ ಒಯ್ದರು. ಅಲ್ಲಿ ನೆಲ ಗಟ್ಟಿ, ಬಿಸಿಲು ಹೆಚ್ಚು. ಗುಳಿ ತೋಡಿ ನೆಟ್ಟರು. ಬುಡ ಅದುಮಿ, ನೀರು ಬಿಟ್ಟು, ಎದ್ದರು.

ಕೊನೆಯ ಗುಳಿಯಲ್ಲಿ ಪೀಚಲು ಸಸಿ ಒಂದೇ ನಿಂತಿತು.

“ಅಜ್ಜಯ್ಯಾ, ತಪ್ಪಾಯ್ತು. ಗಟ್ಟಿ ಸಸೀನೇ ಕಿತ್ತುಬಿಟ್ರಿ. ಕಣ್ಣು ಕಾಣಿಸಲಿಲ್ವಾ?”

“ಕಾಣಿಸ್ತು.”

ಮಧ್ಯಾಹ್ನಕ್ಕೆ ಬೇಲಿಯ ಸಸಿ ತಲೆ ಬಾಗಿಸಿತು. ಎಲೆಗಳು ನೆಲಕ್ಕೆ ಬಿದ್ದವು.

“ನೋಡಿ, ಸತ್ತೇ ಹೋಯ್ತು,” ಎಂದ ತಿಪ್ಪೇಶ.

“ನೋಡ್ತಿರು.”

ಎರಡು ದಿನ ಹಾಗೇ ಬಿದ್ದಿತ್ತು. ಮೂರನೆಯ ಬೆಳಿಗ್ಗೆ ಒಂದು ಎಲೆ ಎದ್ದಿತ್ತು. ಆರನೆಯ ದಿನ ನಡುವಿನಿಂದ ಹೊಸ ಚಿಗುರು ಕಣ್ಣು ಬಿಟ್ಟಿತು.

ಅಜ್ಜಯ್ಯ ಆ ಕಡೆ ತಿರುಗಿಯೂ ನೋಡಲಿಲ್ಲ. ಅವರ ಕೆಲಸವೆಲ್ಲ ಕೊನೆಯ ಗುಳಿಯಲ್ಲಿತ್ತು. ಬೆಳಿಗ್ಗೆ ಪೀಚಲು ಸಸಿಗೆ ತಂಬಿಗೆಯಿಂದ ತಾವೇ ನೀರು ಹಾಕುವರು. ಬಿಸಿಲೇರಿದರೆ ಮುತ್ತುಗದ ಎಲೆಯೊಂದನ್ನು ಕಡ್ಡಿಗೆ ಸಿಕ್ಕಿಸಿ ನೆರಳು ಕಟ್ಟುವರು. ಸಂಜೆ ತೆಗೆಯುವರು.

ಒಂದು ಪೀಚಲು ಸಸಿಗೆ ಇಷ್ಟೊಂದು ಆರೈಕೆಯೇ ಎಂದುಕೊಂಡ ತಿಪ್ಪೇಶ. ಕೇಳಲಿಲ್ಲ.

ಹುಣ್ಣಿಮೆಯ ದಿನ ಬೆಳಿಗ್ಗೆಯೇ ಅವನು ದಂಡೆಗೆ ಹೋಗಿ ನಿಂತ. ಹೊಳೆ ತುಂಬಿತ್ತು. ಆಚೆಯಿಂದ ತೆಪ್ಪ ಹೊರಟಿತು. ನಡುನೀರಿಗೆ ಬಂದಾಗ ತಿಪ್ಪೇಶ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. ಹುಟ್ಟು ಹಾಕುತ್ತಿದ್ದವನು ಹಾಲೇಶ. ಅಂಬಿಗ ಕಾಲು ಚಾಚಿ ಕೂತು ಎಲೆಅಡಿಕೆ ಮೆಲ್ಲುತ್ತಿದ್ದ.

ತಮ್ಮನ ತೋಳು ಅಷ್ಟು ಅಗಲ ಯಾವಾಗ ಆಯಿತು?

“ಅಣ್ಣಾ!” ಎಂದು ನೀರ ಮೇಲಿಂದ ಕೂಗು ಬಂತು.

ತಿಪ್ಪೇಶ ತಿರುಗಿ ತೋಟಕ್ಕೆ ಓಡಿದ.

ಅಜ್ಜಯ್ಯ ಕೊನೆಯ ಗುಳಿಯ ಮುಂದೆ ತಂಬಿಗೆ ಹಿಡಿದು ಕೂತಿದ್ದರು.

“ಬಂದುಬಿಟ್ಟ ಅಜ್ಜಯ್ಯಾ! ಈಗಲಾದ್ರೂ ಹೇಳಿ. ಅವನಿಗೆ ಏನು ಹೇಳ್ಲಿ?”

“ಕಿತ್ತರೂ ಬದುಕುವವನನ್ನ ನಾನು ಕಿತ್ತೆ. ಹಾಗಂತ ಹೇಳು.”

ತಿಪ್ಪೇಶ ಬೇಲಿಯ ಕಡೆ ನೋಡಿದ. ಅಲ್ಲಿ ಗಟ್ಟಿ ನೆಲದಲ್ಲಿ ಸಸಿ ನೆಟ್ಟಗೆ ನಿಂತಿತ್ತು. ಹೊಸ ಎಲೆ ಬಿಚ್ಚಿಕೊಂಡಿತ್ತು.

ಆಮೇಲೆ ಗುಳಿಯ ಕಡೆ ನೋಡಿದ. ಬಹಳ ಹೊತ್ತು ನೋಡಿದ. ತೆಪ್ಪದಲ್ಲಿಟ್ಟ ಒಂಟಿ ಕಾಲು ನೆನಪಾಯಿತು.

“ಅಣ್ಣಾ, ಎಲ್ಲಿದ್ದೀಯಾ?” ಹಾಲೇಶನ ದನಿ ಮೆಟ್ಟಿಲು ಹತ್ತಿ ಬರುತ್ತಿತ್ತು.

“ಮತ್ತೆ ನಾನು?” ಎಂದ ತಿಪ್ಪೇಶ.

ಅಜ್ಜಯ್ಯ ತಂಬಿಗೆಯ ನೀರನ್ನು ಪೀಚಲು ಸಸಿಯ ಬುಡಕ್ಕೆ ಮೆಲ್ಲಗೆ ಬಗ್ಗಿಸಿದರು.

“ಏಳು ವರ್ಷದಿಂದ ನೀರು ಹಾಕ್ತಾ ಇದ್ದೀನಲ್ಲಪ್ಪಾ.”