ತಲೆಯಾಡಿಸಿದವನು

“ಗುರುಗಳೇ, ಮೇಷ್ಟ್ರಿಂದ ತಿಳಿಯದ್ದು ಗೆಳೆಯರಿಂದ ತಿಳಿಯುತ್ತದೆ ಎನ್ನುತ್ತಾರೆ. ಅದು ಎಲ್ಲರಿಗೂ ಸಲ್ಲುವ ಮಾತೇ?” ಎಂದು ಚನ್ನವೀರ ಕೇಳಿದ. ಅವನು ಮಠದಲ್ಲಿದ್ದುಕೊಂಡು ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಶಿಷ್ಯ. ಕಿರಿಯರ ಒಂದು ಗುಂಪಿಗೆ ಪಾಠ ಹೇಳಿಕೊಡುವ ಹೊಣೆ ಅವನಿಗೆ ಆಗಷ್ಟೇ ಬಂದಿತ್ತು.

ಗುರುಗಳು ಈ ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಹಲವು ವರ್ಷ ಮಗ್ಗದಲ್ಲಿ ದುಡಿದರೂ ಓದಬೇಕೆಂಬ ಆಸೆ ಅವನನ್ನು ಬಿಡಲಿಲ್ಲ. ಮಗ್ಗ ಮಾರಿ, ವಯಸ್ಸು ಮೀರಿದ ಮೇಲೆ ವಿಶ್ವವಿದ್ಯಾಲಯ ಸೇರಿದ. ಗಣಿತ ಅವನ ತಲೆಗೆ ಹತ್ತಲಿಲ್ಲ. ಎರಡು ಸಲ ಫೇಲಾದ. ಇನ್ನೊಂದು ಸಲ ಫೇಲಾದರೆ ಓದು ಅಲ್ಲಿಗೇ ಮುಗಿಯುತ್ತಿತ್ತು.

ಅಲ್ಲಿ ಒಬ್ಬ ಹಿರಿಯ ವಿದ್ಯಾರ್ಥಿನಿ ಇದ್ದಳು. ಹಿಂದೆ ಬಿದ್ದವರನ್ನು ಸಂಜೆ ಖಾಲಿ ತರಗತಿಯಲ್ಲಿ ಕೂರಿಸಿಕೊಂಡು ಲೆಕ್ಕ ಹೇಳಿಕೊಡುತ್ತಿದ್ದಳು. ಜಾಣೆ, ಒಳ್ಳೆಯವಳು. ಯಾರನ್ನೂ ಗದರಿದವಳಲ್ಲ. ನೇಕಾರ ಆ ಗುಂಪಿಗೆ ಸೇರಿದ. ತನಗಿಂತ ದೊಡ್ಡವನೆಂದು ಅವಳು ಅವನನ್ನು ಅಣ್ಣ ಎಂದಳು. ಉಳಿದವರೂ ಹಾಗೆಯೇ ಕರೆದರು. ಆ ಊರಿನಲ್ಲಿ ಅವನನ್ನು ಹಾಗೆ ಕರೆಯುವವರು ಬೇರೆ ಯಾರೂ ಇರಲಿಲ್ಲ.

ಒಂದು ಸಂಜೆ ಅವನಿಗೆ ಒಂದು ಲೆಕ್ಕ ತಿಳಿಯಲಿಲ್ಲ. ಇನ್ನೊಮ್ಮೆ ಹೇಳು ಎಂದ. ಅವಳು ಹೇಳಿದಳು. ಆಗಲೂ ತಿಳಿಯಲಿಲ್ಲ. ಮತ್ತೆ ಕೇಳಿದ. ಅವಳು ಬೇಸರಿಸದೆ ಮೊದಲಿನಿಂದ ಶುರು ಮಾಡಿದಳು. ಅಷ್ಟರಲ್ಲಿ ಪಕ್ಕದವನು ಬಾಗಿಲ ಕಡೆ ನೋಡಿದ. ಇನ್ನೊಬ್ಬಳು ಪುಸ್ತಕ ಮುಚ್ಚಿದಳು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಹೊತ್ತಾಗಿತ್ತು, ಅಷ್ಟೆ. ನೇಕಾರ ಅದನ್ನು ಕಂಡ. ತಿಳಿಯಿತು ಎಂದು ತಲೆಯಾಡಿಸಿದ.

ಅಂದಿನಿಂದ ಅವನು ಏನನ್ನೂ ಕೇಳಲಿಲ್ಲ. ದಿನವೂ ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದ. ತಿಳಿಯಿತೇ ಎಂದು ಅವಳು ಕೇಳಿದರೆ ಎಲ್ಲರಿಗಿಂತ ಮೊದಲು ತಲೆಯಾಡಿಸುತ್ತಿದ್ದ. ಅಣ್ಣನಿಗೇ ತಿಳಿದ ಮೇಲೆ ಉಳಿದವರ ಮಾತೇನು ಎಂದುಕೊಂಡು ಅವಳು ಮುಂದಿನ ಪಾಠಕ್ಕೆ ಹೋಗುತ್ತಿದ್ದಳು.

ಪರೀಕ್ಷೆಯಲ್ಲಿ ಗುಂಪಿನವರೆಲ್ಲ ಪಾಸಾದರು. ನೇಕಾರನೊಬ್ಬ ಫೇಲಾದ.

ಅವಳು ಅವನ ಕೋಣೆಗೆ ಹೋದಳು. ಅವನು ಹಾಸಿಗೆ ಸುತ್ತಿ ಕಟ್ಟುತ್ತಿದ್ದ.

“ತಿಳಿಯಲಿಲ್ಲ ಅಂತ ಒಂದು ಮಾತು ಹೇಳಬಾರದಿತ್ತೇ ಅಣ್ಣ? ಎಷ್ಟು ಸಲ ಬೇಕಾದರೂ ಹೇಳಿಕೊಡುತ್ತಿದ್ದೆ” ಎಂದಳು.

“ಅದು ನನಗೆ ಗೊತ್ತು ತಂಗಿ. ಅಷ್ಟಾದ ಮೇಲೂ ತಿಳಿಯದೆ ಹೋಗಿದ್ದರೆ, ಮರುದಿನ ನಿಮ್ಮ ನಡುವೆ ಬಂದು ಕೂರಲಿ ಹೇಗೆ? ಈ ಊರಿನಲ್ಲಿ ನನಗೆ ಇದ್ದದ್ದು ಅದೊಂದೇ ಜಾಗ.”

ಅವನು ಹಾಸಿಗೆ ಹೊತ್ತುಕೊಂಡು ಹೊರಟ. ಹಿಂದಿರುಗಲು ಅವನಿಗೆ ಮಗ್ಗವೂ ಇರಲಿಲ್ಲ. ಎಲ್ಲಿಗೆ ಹೋದನೋ, ಯಾರಿಗೂ ತಿಳಿಯಲಿಲ್ಲ.

ಸುದ್ದಿ ಕೇಳಿ ಗುಂಪಿನವರು ಮರುಗಿದರು. ಬಾಯಿಬಿಟ್ಟು ಹೇಳದ್ದು ಅವನ ತಪ್ಪು ಎಂದರು ಕೆಲವರು. ಮುಖ ನೋಡಿ ಅರಿಯದ್ದು ಅವಳ ತಪ್ಪು ಎಂದರು ಕೆಲವರು. ಆ ಮಾತು ಬಹಳ ದಿನ ನಡೆಯಿತು. ಮರುವರ್ಷ ಅವಳಿಗೆ ಹೊಸ ಗುಂಪನ್ನು ಒಪ್ಪಿಸಿದರು. ತಿಳಿಯಿತೇ ಎಂದು ಕೇಳಿದಳು. ಎಲ್ಲರೂ ತಲೆಯಾಡಿಸಿದರು. ಅವಳಿಗೆ ನಂಬಿಕೆ ಬರಲಿಲ್ಲ. ಆದರೆ ಪರೀಕ್ಷೆ ಹತ್ತಿರವಿತ್ತು; ಮುಂದಿನ ಪಾಠಕ್ಕೆ ಹೋದಳು.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರ ಕೇಳಿದ.

“ಹಾಗಾದರೆ ಗುರುಗಳೇ, ಕೊನೆಗೆ ತಪ್ಪು ಯಾರದೆಂದು ಇಟ್ಟುಕೊಳ್ಳಬೇಕು?”

“ತಪ್ಪನ್ನು ಎಲ್ಲರೂ ಹುಡುಕಿದರಪ್ಪ, ಅವನನ್ನು ಹುಡುಕಿಕೊಂಡು ಒಬ್ಬರೂ ಹೋಗಲಿಲ್ಲ” ಎಂದರು ಗುರುಗಳು.