ಕಣಿವೆಯ ಹವಾಮಾನ ಪಂಡಿತ

ಎರಡು ಬೆಟ್ಟಗಳ ನಡುವಿನ ಕಣಿವೆಯಲ್ಲಿ ಆ ಬೇಸಿಗೆಯ ವಾರ ಬಿಸಿಲಿಗೂ ಮಳೆಗೂ ಹೊತ್ತುಗೊತ್ತಿರಲಿಲ್ಲ. ಚಿಕ್ಕವ್ವನೆಂಬ ಇರುವೆಯ ಗೂಡಿಗೆ ನೀರು ನುಗ್ಗಿ ರಾಗಿಯೆಲ್ಲ ನೆನೆದಿತ್ತು. ಒಣಗಿಸದಿದ್ದರೆ ಮೊಳಕೆಯೊಡೆಯುತ್ತದೆ, ಹರಡಿದಾಗ ಮಳೆ ಬಂದರೆ ಕೊಚ್ಚಿಹೋಗುತ್ತದೆ. ಹಾಗಾಗಿ ಅವಳು ದಿನವೂ ಹವಾಮಾನ ಪಂಡಿತನಾದ ಓತಿಕ್ಯಾತನನ್ನು ಕೇಳುತ್ತಿದ್ದಳು.

“ಸ್ವಾಮಿ, ಇವತ್ತು ಬಿಸಿಲೇ?”

ಓತಿಕ್ಯಾತ ತಲೆಯಾಡಿಸಿದ.

“ಮಳೆಯೂ ಉಂಟೇ?”

ಅದಕ್ಕೂ ಆಡಿಸಿದ.

ಐದು ದಿನ ಹೀಗೆ ಚಿಕ್ಕವ್ವ ರಾಗಿಯನ್ನು ಹೊರಗೂ ಒಳಗೂ ಹೊತ್ತಳು; ಅರ್ಧ ರಾಗಿ ಮಳೆಗೆ ಕೊಚ್ಚಿ ಕಣಿವೆಯ ತೊರೆಯ ಪಾಲಾಯಿತು.

ಆರನೆಯ ದಿನ ಆಕಾಶ ತಿಳಿಯಾಗಿತ್ತು. ಓತಿಕ್ಯಾತ ಬಂಡೆಯ ಬಿರುಕಿನಿಂದ ಮೂತಿ ಮಾತ್ರ ಹೊರಹಾಕಿ, “ಧೈರ್ಯವಾಗಿ ಹರಡಮ್ಮ, ಒಳ್ಳೆ ಬಿಸಿಲು” ಎಂದ. ಚಿಕ್ಕವ್ವ ಆ ಬಿರುಕನ್ನೊಮ್ಮೆ ನೋಡಿ, ಒಂದು ಕಾಳನ್ನೂ ಹೊರತರಲಿಲ್ಲ. ಸ್ವಲ್ಪ ಹೊತ್ತಿಗೆ ಮಳೆ ಸುರಿಯಿತು.

ಮರುದಿನ ಮೋಡ ಕವಿದಿತ್ತು. ಓತಿಕ್ಯಾತ ಬಂಡೆಯ ಮೇಲೆ ಉದ್ದಕ್ಕೆ ಮಲಗಿ, “ಇವತ್ತು ಮಳೆ ಖಂಡಿತ” ಎಂದ. ಅಷ್ಟರಲ್ಲಿ ಚಿಕ್ಕವ್ವ ರಾಗಿ ಹರಡಿಯಾಗಿತ್ತು. ಮೋಡ ಸರಿದು, ಸಂಜೆಗೆ ಕಾಳು ಗರಿಗರಿ ಒಣಗಿತು.

“ನನ್ನ ಮಾತಿಗೆ ಮರ್ಯಾದೆಯೇ ಇಲ್ಲವೇನೇ?” ಎಂದು ಓತಿಕ್ಯಾತ ಸಿಡುಕಿದ.

“ನಿಮ್ಮನ್ನೇ ನಂಬಿ ಹರಡಿದ್ದು, ಸ್ವಾಮಿ,” ಎಂದಳು ಚಿಕ್ಕವ್ವ. “ಈಗ ಮಾತು ಕೇಳುವುದು ಬಿಟ್ಟಿದ್ದೇನೆ. ನಿಮ್ಮ ಬಾಲ ಬಿರುಕಿನ ಒಳಗಿದೆಯೋ ಹೊರಗಿದೆಯೋ, ಅಷ್ಟೇ ನೋಡುತ್ತೇನೆ.”